ಸಾರ, ಫಲ್ಗು, ಮಜ್ಜಾ: ವೃಕ್ಷಾವಯವವಾಚಕ ಶಬ್ದಗಳ ವಿಚಾರ

೧

ಸಂಸ್ಕೃತದ ವೈದ್ಯಗ್ರಂಥಗಳನ್ನೂ ಕೋಶಗಳನ್ನೂ ಕನ್ನಡಿಸುವವರಿಗೆ ಅಡಿಗಡಿಗೆ ಎದುರಾಗುವ ತೊಡಕೊಂದುಂಟು. ಮರದ ಒಳಭಾಗಗಳನ್ನು ಹೇಳುವ ತ್ವಕ್, ವಲ್ಕ, ದಾರು, ಸಾರ, ಮಜ್ಜಾ ಮೊದಲಾದ ಶಬ್ದಗಳಿಗೆ ಕನ್ನಡದಲ್ಲಿ ಯಾವ ಯಾವ ಮಾತನ್ನು ಇಡಬೇಕೆಂಬುದೇ ಆ ತೊಡಕು. ಸಾರವೆಂದರೂ ತಿರುಳು, ಮಜ್ಜೆಯೆಂದರೂ ತಿರುಳು ಎಂದು ಬರೆದುಬಿಡುವುದು ಸುಲಭ; ಹಾಗೆ ಬರೆದಿರುವ ಅನುವಾದಗಳೂ ಬೇಕಾದಷ್ಟಿವೆ. ಆದರೆ ಖದಿರಸಾರವನ್ನು ಕೊಡಬೇಕೆಂದು ಸಂಹಿತೆಯು ವಿಧಿಸಿದಾಗ, ವೈದ್ಯನು ಕಗ್ಗಲಿಯ ಕೆಂಪು ಕೆಚ್ಚನ್ನು ತರಬೇಕೋ, ಅದರ ಎಳೆಯ ಕೊಂಬೆಯ ನಡುವಿನ ಮೆತ್ತನೆಯ ಬೆಂಡನ್ನು ತರಬೇಕೋ, ಬೀಜದೊಳಗಿನ ಪಪ್ಪನ್ನು ತರಬೇಕೋ ಎಂಬುದು ತಿರುಳು ಎಂಬ ಒಂದೇ ಮಾತಿನಿಂದ ತಿಳಿಯಲಾರದು. ಒಂದರಲ್ಲಿರುವ ಗುಣವು ಮತ್ತೊಂದರಲ್ಲಿಲ್ಲ. ಆದುದರಿಂದ ಇದು ಬರಿಯ ಶಬ್ದವಿಲಾಸದ ಚರ್ಚೆಯಲ್ಲ. ಗ್ರಂಥಾರ್ಥವು ನಿಲ್ಲುವುದೂ ಬೀಳುವುದೂ ಇದನ್ನು ಅವಲಂಬಿಸಿರುತ್ತದೆ.

ಈ ಶಬ್ದಗಳು ಯಾವ ಸಂದರ್ಭದಲ್ಲಿ, ಯಾವ ಪ್ರಯೋಜನಕ್ಕಾಗಿ, ಯಾರ ಬಾಯಲ್ಲಿ ಹುಟ್ಟಿದುವು. ಪ್ರಾಚೀನರು ಮರದ ಪದರಗಳನ್ನು ಹೇಗೆ ಗುರುತಿಸಿದರು. ಮಜ್ಜಾ ಎಂಬ ಶಬ್ದದ ಅರ್ಥಭೇದಗಳಿಗೆ ಮೂಲವೇನು. ಕನ್ನಡದಲ್ಲಿ ಇವುಗಳಿಗೆ ಸಮನಾದ ಮಾತುಗಳುಂಟೆ. ಎಂಬ ಈ ನಾಲ್ಕು ಅಂಶಗಳು ಇಲ್ಲಿ ವಿಚಾರಕ್ಕೆ ಬರುತ್ತವೆ.

೨

ಮರದ ಒಳಪದರಗಳನ್ನು ಕ್ರಮವಾಗಿ ಹೇಳುವ ಅತಿ ಪ್ರಾಚೀನ ವಾಕ್ಯಗಳಲ್ಲಿ ಒಂದು ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯದ ಕೊನೆಯಲ್ಲಿದೆ. ಜನಕರಾಜನ ಸಭೆಯಲ್ಲಿ ಶಾಕಲ್ಯನೊಡನೆ ನಡೆದ ವಾದವು ಮುಗಿದ ಬಳಿಕ, ಯಾಜ್ಞವಲ್ಕ್ಯನು ನೆರೆದ ಬ್ರಾಹ್ಮಣರನ್ನು ಕೆಲವು ಶ್ಲೋಕಗಳ ಮೂಲಕ ಪ್ರಶ್ನಿಸುತ್ತಾನೆ. ಮನುಷ್ಯನು ವನಸ್ಪತಿಯಂತೆಯೇ ಇರುವನೆಂಬುದು ಆ ಶ್ಲೋಕಗಳ ಆರಂಭ. ಅವನ ರೋಮಗಳಿಗೆ ಎಲೆಗಳು ಸಮ. ಚರ್ಮಕ್ಕೆ ಹೊರಗಿನ ತೊಗಟೆ ಸಮ. ಚರ್ಮವನ್ನು ಗಾಯಪಡಿಸಿದರೆ ರಕ್ತವು ಸೋರುವಂತೆ ಕಡಿದ ಮರದಿಂದ ರಸವು ಸೋರುವುದು. ಮಾಂಸಕ್ಕೆ ಶಕರ, ಸ್ನಾಯುವಿಗೆ ಕಿನಾಟ, ಅಸ್ಥಿಗೆ ಒಳಗಿನ ದಾರು, ಮಜ್ಜೆಗೆ ಮಜ್ಜೆಯೇ ಸಮ ಎಂದು ಹೊರಗಿನಿಂದ ಒಳಕ್ಕೆ ಕ್ರಮ ತಪ್ಪದೆ ಉಪಮೆಯು ನಡೆಯುತ್ತದೆ.

ಇಲ್ಲಿ ಶಕರ, ಕಿನಾಟ ಎಂಬೆರಡು ಶಬ್ದಗಳು ಅಪೂರ್ವವಾದುವು. ಅಮರಸಿಂಹನು ತ್ವಚೆಗೆ ಹೇಳಿರುವ ಪರ್ಯಾಯಗಳಲ್ಲಿ ಇವೆರಡೂ ಸೇರಿಲ್ಲ. ಶಂಕರಭಗವತ್ಪಾದರು ಭಾಷ್ಯದಲ್ಲಿ ಶಕರವೆಂಬುದನ್ನು ಶಕಲವೆಂದು ವಿವರಿಸಿ, ಕಿನಾಟವೆಂದರೆ ಆ ಶಕಲಗಳಿಗಿಂತಲೂ ಒಳಗೆ, ಕಾಷ್ಠಕ್ಕೆ ಅಂಟಿಕೊಂಡಿರುವ ವಲ್ಕಲರೂಪವಾದ ಪದರವೆಂದೂ, ಅದು ಸ್ನಾಯುವಿನಂತೆ ದೃಢವಾದುದೆಂದೂ ಸ್ಪಷ್ಟಪಡಿಸಿದ್ದಾರೆ. ಹಸಿಯ ಕೊಂಬೆಯ ತೊಗಟೆಯನ್ನು ಸುಲಿದವರೆಲ್ಲರಿಗೂ ಈ ಪದರದ ಪರಿಚಯವುಂಟು. ಹೊರಗಿನ ಒರಟಾದ ಸಿಪ್ಪೆಯು ಚೂರುಚೂರಾಗಿ ಉದುರಿದರೆ, ಮರಕ್ಕೆ ಹತ್ತಿದ ಒಳಪದರವು ಉದ್ದುದ್ದನೆಯ ಪಟ್ಟಿಯಾಗಿ, ಎಳೆದರೂ ಹರಿಯದ ನಾರಾಗಿ ಬರುತ್ತದೆ. ಮಾಂಸದಂತೆ ಕಡಿದುಹೋಗುವುದು ಶಕರ. ನರದಂತೆ ಎಳೆತಕ್ಕೆ ನಿಲ್ಲುವುದು ಕಿನಾಟ. ಈ ಭೇದವು ಕೈಯಿಂದ ಮುಟ್ಟಿ ತಿಳಿದುದಲ್ಲದೆ ಊಹೆಯಿಂದ ಕಲ್ಪಿತವಾದುದಲ್ಲ.

ಆದರೂ ಈ ಶ್ಲೋಕಗಳ ತಾತ್ಪರ್ಯವು ಸಸ್ಯವಿಚಾರವಲ್ಲವೆಂಬುದನ್ನು ಮರೆಯಬಾರದು. ಕಡಿದ ಮರವು ಬೇರಿನಿಂದ ಮರಳಿ ಚಿಗುರುವುದು. ಮೃತ್ಯುವು ಕಡಿದ ಮನುಷ್ಯನು ಯಾವ ಬೇರಿನಿಂದ ಮರಳಿ ಹುಟ್ಟುವನು ಎಂಬುದೇ ಯಾಜ್ಞವಲ್ಕ್ಯನ ಪ್ರಶ್ನೆ. ಆ ಪ್ರಶ್ನೆಗೆ ಬಲ ಬರಬೇಕಾದರೆ ಸಾಮ್ಯವು ಅವಯವ ಅವಯವಕ್ಕೂ ಹೊಂದಿ ಬರಬೇಕು. ಸಭೆಯಲ್ಲಿದ್ದವರು ಒಪ್ಪದ ಉಪಮಾನದಿಂದ ವಾದವು ಸಾಗಲಾರದಷ್ಟೆ. ಆದುದರಿಂದ ಮರದ ಪದರಗಳ ಈ ಕ್ರಮವು ಆ ಕಾಲಕ್ಕೆ ಲೋಕಸಿದ್ಧವಾಗಿದ್ದಿತೆಂದು ಊಹಿಸಲು ಅಡ್ಡಿಯಿಲ್ಲ.

೩

ಇದೇ ಕ್ರಮವು ಬೇರೊಂದು ಪ್ರಯೋಜನಕ್ಕಾಗಿ ಬೌದ್ಧವಾಙ್ಮಯದಲ್ಲಿ ಬಂದಿದೆ. ಪಾಳಿಯ ಮಜ್ಝಿಮನಿಕಾಯದ ಮಹಾಸಾರೋಪಮಸುತ್ತದಲ್ಲಿ ಸಾರವನ್ನು ಅರಸಿ ಕಾಡಿಗೆ ಹೋದವನೊಬ್ಬನ ದೃಷ್ಟಾಂತವುಂಟು. ಸಾರವುಳ್ಳ ಮಹಾವೃಕ್ಷವು ಎದುರಿಗೆ ನಿಂತಿದ್ದರೂ ಒಬ್ಬನು ಕೊಂಬೆ ಎಲೆಗಳನ್ನು ಕಡಿದುಕೊಂಡು ಸಾರವೆಂದು ಭ್ರಮಿಸಿ ಹೊರಡುತ್ತಾನೆ. ಇನ್ನೊಬ್ಬನು ಪಪಟಿಕಾ ಎಂಬ ಹೊರತೊಗಟೆಯನ್ನು, ಮತ್ತೊಬ್ಬನು ತಚ ಎಂಬ ಒಳತೊಗಟೆಯನ್ನು, ಮಗುದೊಬ್ಬನು ಫೆಗ್ಗು ಎಂಬ ಎಳೆಯ ಮರವನ್ನು ಕೊಂಡೊಯ್ಯುತ್ತಾನೆ. ಕೊನೆಯವನೊಬ್ಬನೇ ಸಾರವನ್ನು ಸಾರವೆಂದು ಗುರುತಿಸಿ ಪಡೆಯುತ್ತಾನೆ. ಲಾಭಸತ್ಕಾರ, ಶೀಲ, ಸಮಾಧಿ, ಜ್ಞಾನದರ್ಶನ, ಅಚಲವಾದ ವಿಮುಕ್ತಿ ಎಂಬ ಐದಕ್ಕೆ ಈ ಐದು ಕ್ರಮವಾಗಿ ದೃಷ್ಟಾಂತಗಳು.

ಉಪನಿಷತ್ತಿನ ಪಟ್ಟಿಗೂ ಈ ಪಟ್ಟಿಗೂ ಇರುವ ಭೇದವು ಗಮನಾರ್ಹವಾದುದು. ಉಪನಿಷತ್ತು ದಾರುವೆಂದು ಒಂದೇ ಮಾತಿನಲ್ಲಿ ಹೇಳಿದುದನ್ನು ಸುತ್ತವು ಫೆಗ್ಗು, ಸಾರ ಎಂದು ಎರಡಾಗಿ ಒಡೆದಿದೆ. ಮನುಷ್ಯದೇಹದೊಡನೆ ಹೋಲಿಸಲು ಹೊರಟವನಿಗೆ ಮೂಳೆಯ ಸ್ಥಾನದಲ್ಲಿ ಮರವೆಂದರೆ ಸಾಕು. ಮರವನ್ನು ಕಡಿದು ತೊಲೆ ಮಾಡುವವನಿಗೆ ಅಷ್ಟು ಸಾಲದು. ತೊಗಟೆಯ ಒಳಗಿನ ಬಿಳಿಯ ಮರವನ್ನು ಗೆದ್ದಲು ತಿನ್ನುವುದು, ನಡುವಿನ ಕಪ್ಪು ಕೆಂಪು ಮರವು ತಲೆಮಾರುಗಳ ಕಾಲ ನಿಲ್ಲುವುದು ಎಂಬ ವಿವೇಕವು ಅವನಿಗೆ ಬೇಕೇ ಬೇಕು. ಸುತ್ತದ ದೃಷ್ಟಾಂತವು ಬಡಗಿಯ ಅನುಭವದಿಂದ ಬಂದುದು. ಉಪನಿಷತ್ತಿನ ಉಪಮೆಯು ದೇಹದ ತಿಳಿವಳಿಕೆಯಿಂದ ಬಂದುದು.

ಪಾಳಿಯ ಫೆಗ್ಗುವೇ ಸಂಸ್ಕೃತದ ಫಲ್ಗು. ಸಂಸ್ಕೃತಸಾಹಿತ್ಯದಲ್ಲಿ ಈ ಶಬ್ದವು ಮರದ ಸಂಬಂಧವನ್ನು ಬಹುಮಟ್ಟಿಗೆ ಕಳೆದುಕೊಂಡು, ಹುರುಳಿಲ್ಲದ್ದು ಎಂಬ ಅರ್ಥದಲ್ಲಿ ನೆಲೆಸಿತು. ಅಮರಕೋಶದಲ್ಲಿ ಅಸಾರಕ್ಕೆ ಫಲ್ಗು ಎಂಬುದೇ ಪರ್ಯಾಯ. ಸಾರವೂ ಅದೇ ದಾರಿಯನ್ನು ಹಿಡಿದು, ಕಾವ್ಯಸಾರ, ಶಾಸ್ತ್ರಸಾರ ಎಂಬಲ್ಲಿ ಶ್ರೇಷ್ಠಾಂಶವೆಂಬ ಅರ್ಥವನ್ನು ಪಡೆಯಿತು. ಸಾರಫಲ್ಗುವಿವೇಕವೆಂದು ಪಂಡಿತರು ಹೇಳುವ ಮಾತಿನ ಹಿಂದೆ ಕೊಡಲಿಯ ಪೆಟ್ಟಿಗೆ ಬಾಯಿಬಿಟ್ಟ ಮರದ ದಿಮ್ಮಿಯು ಬಿದ್ದಿದೆಯೆಂಬುದು ಇಂದಿನ ಓದುಗರಿಗೆ ತೋರದೆ ಹೋಗುವುದು ಸಹಜ. ಸಂಸಾರದ ನಿಸ್ಸಾರತೆಗೆ ಬಾಳೆಯ ಕಂಬವನ್ನು ಹೋಲಿಸುವ ಸಂಪ್ರದಾಯವೂ ಇಂತಹುದೇ. ಬಾಳೆಯ ಕಂಬವನ್ನು ಪಟ್ಟೆ ಪಟ್ಟೆಯಾಗಿ ಬಿಡಿಸುತ್ತ ಹೋದರೆ ಕೆಚ್ಚಾಗಲಿ ಬಿಳಿಯ ಮರವಾಗಲಿ ಎಲ್ಲಿಯೂ ದೊರೆಯದು. ಅದು ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡಗಳಿಂದಾದ ಕಂಬವೆಂದೂ, ನಡುವಿನ ದಿಂಡು ಗೊನೆಯನ್ನು ಹೊರುವ ತೊಟ್ಟೆಂದೂ ಈಗಿನ ಸಸ್ಯಶಾಸ್ತ್ರವು ಹೇಳುವುದರಿಂದ, ಆ ಹೋಲಿಕೆಯು ಶಾಸ್ತ್ರದೃಷ್ಟಿಯಿಂದಲೂ ನಿರ್ದುಷ್ಟವಾದುದು.

೪

ವೈದ್ಯರ ದೃಷ್ಟಿಯು ಇವೆರಡಕ್ಕಿಂತಲೂ ಬೇರೆ. ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಔದ್ಭಿದದ್ರವ್ಯಗಳನ್ನು ವನಸ್ಪತಿ, ವಾನಸ್ಪತ್ಯ, ಓಷಧಿ, ವೀರುಧ ಎಂದು ನಾಲ್ಕಾಗಿ ವಿಂಗಡಿಸಿ, ಅವುಗಳಿಂದ ಔಷಧಕ್ಕೆ ತೆಗೆದುಕೊಳ್ಳಬೇಕಾದ ೧೮ ವಸ್ತುಗಳನ್ನು ಎಣಿಸಿದೆ: ಮೂಲ, ತ್ವಕ್, ಸಾರ, ನಿರ್ಯಾಸ, ನಾಳ, ಸ್ವರಸ, ಪಲ್ಲವ, ಕ್ಷಾರ, ಕ್ಷೀರ, ಫಲ, ಪುಷ್ಪ, ಭಸ್ಮ, ತೈಲ, ಕಂಟಕ, ಪತ್ರ, ಶುಂಗ, ಕಂದ, ಪ್ರರೋಹ. ಇದರಲ್ಲಿ ಮರದ ಮೇಲೆ ಬೆಳೆಯುವ ಅವಯವಗಳೂ, ಅದರಿಂದ ಸುರಿಯುವ ದ್ರವಗಳೂ, ಸುಟ್ಟು ಪಡೆಯುವ ಕ್ಷಾರಭಸ್ಮಗಳೂ ಒಂದೇ ಸಾಲಿನಲ್ಲಿ ನಿಂತಿವೆ. ಅವಯವವಿಭಾಗವೆಂದು ಇದನ್ನು ಓದಿದರೆ ಅವ್ಯವಸ್ಥೆಯೆಂದು ತೋರಬಹುದು. ವೈದ್ಯನ ಕೈಗೆ ಸಿಗಬೇಕಾದ ವಸ್ತುಗಳ ಪಟ್ಟಿಯೆಂದು ಓದಿದರೆ ಇದರಲ್ಲಿ ಯಾವ ಅವ್ಯವಸ್ಥೆಯೂ ಇಲ್ಲ.

ಮರದಿಂದ ಹೊರಡುವ ದ್ರವಗಳನ್ನು ವಿಂಗಡಿಸಿರುವ ರೀತಿಯು ವಿಶೇಷವಾಗಿ ಸೂಕ್ಷ್ಮವಾದುದು. ಎಕ್ಕ, ಕಳ್ಳಿಗಳನ್ನು ಮುರಿದೊಡನೆ ಒಸರುವ ಹಾಲು ಕ್ಷೀರ. ತೊಗಟೆಯಿಂದ ಒಸರಿ ಗಾಳಿಗೆ ಗಟ್ಟಿಯಾಗುವ ಅಂಟು ನಿರ್ಯಾಸ. ಜಜ್ಜಿ ಹಿಂಡಿದಲ್ಲದೆ ಬಾರದ ರಸ ಸ್ವರಸ. ಮೂರೂ ದ್ರವಗಳೇ ಆದರೂ ಅವು ಹುಟ್ಟುವ ಬಗೆಯೂ ಗುಣವೂ ಬೇರೆ ಬೇರೆಯೆಂಬುದನ್ನು ಆಚಾರ್ಯರು ಕಂಡುಕೊಂಡಿದ್ದರು. ಮುಂದೆ ಅದೇ ಅಧ್ಯಾಯದಲ್ಲಿ ಮೂಲವು ಪ್ರಧಾನವಾದ ೧೬ ಗಿಡಗಳನ್ನೂ, ಫಲವು ಪ್ರಧಾನವಾದ ೧೯ ಗಿಡಗಳನ್ನೂ, ಕ್ಷೀರಕ್ಕಾಗಿ ಮೂರನ್ನೂ, ತ್ವಚೆಗಾಗಿ ಮೂರನ್ನೂ ಬೇರೆಯಾಗಿ ಹೇಳಿದೆ. ಒಂದೇ ಗಿಡದ ಒಂದು ಭಾಗವು ಔಷಧವಾಗಿ ಮತ್ತೊಂದು ಭಾಗವು ನಿಷ್ಪ್ರಯೋಜಕವಾಗಿರಬಹುದೆಂಬುದೇ ಈ ವಿಂಗಡಣೆಯ ಮೂಲತತ್ತ್ವ.

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಈ ತತ್ತ್ವವು ವಿಷಕ್ಕೂ ಅನ್ವಯಿಸಲ್ಪಟ್ಟಿದೆ. ಸ್ಥಾವರವಿಷಕ್ಕೆ ಮೂಲ, ಪತ್ರ, ಫಲ, ಪುಷ್ಪ, ತ್ವಕ್, ಕ್ಷೀರ, ಸಾರ, ನಿರ್ಯಾಸ, ಧಾತು, ಕಂದ ಎಂದು ಹತ್ತು ಅಧಿಷ್ಠಾನಗಳು. ಧಾತುವೊಂದು ಖನಿಜ, ಮಿಕ್ಕ ಒಂಬತ್ತೂ ಸಸ್ಯದ ಭಾಗಗಳು. ವಿಷಗಳ ಎಣಿಕೆಯಲ್ಲಿ ಮೂಲವಿಷಗಳು ೮, ಪತ್ರವಿಷಗಳು ೫, ಫಲವಿಷಗಳು ೧೨, ಪುಷ್ಪವಿಷಗಳು ೫, ಕ್ಷೀರವಿಷಗಳು ೩, ಧಾತುವಿಷಗಳು ೨, ಕಂದವಿಷಗಳು ೧೩ ಎಂದು ಬೇರೆ ಬೇರೆಯಾಗಿ ಹೇಳಿದ್ದರೂ, ತ್ವಕ್, ಸಾರ, ನಿರ್ಯಾಸ ಎಂಬ ಮೂರಕ್ಕೆ ಒಟ್ಟಾಗಿ ೭ ಎಂದು ಹೇಳಿದೆ. ಅಧಿಷ್ಠಾನಗಳಲ್ಲಿ ಮೂರಾಗಿ ಎಣಿಸಿದವನ್ನು ದ್ರವ್ಯಗಳಲ್ಲಿ ಒಂದೇ ಗುಂಪಿಗೆ ಸೇರಿಸಿದುದು ಮರೆವಿನಿಂದಾದುದಲ್ಲ. ಈ ಏಳರಲ್ಲಿ ವಿಷವು ಕಾಂಡದ ತೊಗಟೆಯಲ್ಲಿಯೂ ಕೆಚ್ಚಿನಲ್ಲಿಯೂ ಅಂಟಿನಲ್ಲಿಯೂ ವ್ಯಾಪಿಸಿರುವುದೆಂಬ ಅಭಿಪ್ರಾಯವೇ ಅಲ್ಲಿ ತೋರುವುದು. ಕನ್ನಡದಲ್ಲಿ ೧೪ನೆಯ ಶತಮಾನದ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ಸ್ಥಾವರಜಂಗಮವಿಷಗಳ ಚಿಕಿತ್ಸೆಯನ್ನು ಹೇಳುವಾಗ ಮುಂದುವರಿಸಿದುದು ಈ ವಿಷವೈದ್ಯದ ಪರಂಪರೆಯನ್ನೇ.

ಇಷ್ಟು ವಿಂಗಡಿಸಿದ ಆಚಾರ್ಯರಿಗೆ ಗಿಡಗಳ ಗುರುತನ್ನು ಕಲಿಸಿದವರಾರು? ಆಡು ಕಾಯುವವರೂ, ಕುರುಬರೂ, ಗೋವಳರೂ, ಕಾಡಿನಲ್ಲಿ ವಾಸಿಸುವ ಇತರರೂ ಓಷಧಿಗಳನ್ನು ಹೆಸರಿನಿಂದಲೂ ರೂಪದಿಂದಲೂ ಬಲ್ಲರೆಂದು ಚರಕಸಂಹಿತೆಯು ತಾನೇ ಹೇಳುತ್ತದೆ. ಹೆಸರು ರೂಪಗಳನ್ನು ತಿಳಿದಷ್ಟರಿಂದಲೇ ಪ್ರಯೋಗವು ತಿಳಿಯದೆಂದು ಸೇರಿಸಿದ್ದರೂ, ಗುರುತಿಸುವ ವಿದ್ಯೆಯು ಅವರದೆಂಬುದನ್ನು ಅಲ್ಲಗಳೆದಿಲ್ಲ.

೫

ಇನ್ನು ಮಜ್ಜಾಶಬ್ದದ ವಿಚಾರ. ಚರಕನ ೧೮ ವಸ್ತುಗಳ ಪಟ್ಟಿಯಲ್ಲಿ ಸಾರವುಂಟು, ಮಜ್ಜೆಯಿಲ್ಲ. ಉಪನಿಷತ್ತಿನಲ್ಲಿ ಮಜ್ಜೆಯುಂಟು, ಸಾರವಿಲ್ಲ. ಅಮರಸಿಂಹನಾದರೋ ವನೌಷಧಿವರ್ಗದಲ್ಲಿ ಸಾರ, ಮಜ್ಜಾ ಎಂಬೆರಡನ್ನೂ ಪರ್ಯಾಯಗಳಾಗಿ ಹೇಳಿಬಿಟ್ಟಿದ್ದಾನೆ. ಸುಶ್ರುತನು ಅನ್ನಪಾನವಿಧಿಯಲ್ಲಿ ಯಾವ ಯಾವ ಫಲಕ್ಕೆ ಯಾವ ವೀರ್ಯವೋ ಅದರ ಮಜ್ಜೆಗೂ ಅದೇ ವೀರ್ಯವೆಂದು ವಿಧಿಸಿರುವಲ್ಲಿ ಮಜ್ಜೆಯೆಂದರೆ ಹಣ್ಣಿನ ಓಟೆಯೊಳಗಿನ ಬೀಜದ ತಿರುಳು. ಹೀಗೆ ಒಂದೇ ಶಬ್ದಕ್ಕೆ ಮರದ ನಡುವಿನ ಭಾಗ, ಕೆಚ್ಚು, ಬೀಜದ ತಿರುಳು ಎಂದು ಮೂರು ಅರ್ಥಗಳು ತೋರುತ್ತವೆ.

ಇಲ್ಲಿ ಒಂದು ಪೂರ್ವಪಕ್ಷವು ಸಂಭವಿಸುತ್ತದೆ. ಅಮರನ ವಚನವು ಪ್ರಮಾಣವಾಗಿರುವಾಗ ಉಪನಿಷತ್ತಿನಲ್ಲಿಯೂ ಮಜ್ಜೆಯೆಂದರೆ ಸಾರವೇ ಏಕಾಗಬಾರದು? ದಾರುವೆಂದರೆ ಹೊರಗಿನ ಬಿಳಿಯ ಮರ, ಮಜ್ಜೆಯೆಂದರೆ ಒಳಗಿನ ಕೆಚ್ಚು ಎಂದು ಹೇಳಿದರೆ, ಬೌದ್ಧಸುತ್ತದ ಫೆಗ್ಗುಸಾರಗಳೊಡನೆಯೂ ಏಕವಾಕ್ಯತೆಯು ದೊರೆಯುವುದಲ್ಲವೆ?

ಇದಕ್ಕೆ ಸಮಾಧಾನವು ಉಪಮೆಯ ಸ್ವಭಾವದಲ್ಲಿಯೇ ಇದೆ. ಮನುಷ್ಯನ ಮಜ್ಜೆಯು ಕಠಿನವಾದ ಮೂಳೆಯ ಒಳಗಿರುವ ಮೃದುವಾದ ಧಾತು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ ಎಂಬುದೇ ಅಸ್ಥಿಮಜ್ಜೆಗಳ ಸಂಬಂಧ. ಕೆಚ್ಚಾದರೋ ಹೊರಗಿನ ಬಿಳಿಯ ಮರಕ್ಕಿಂತಲೂ ಕಠಿನವಾದುದು. ಅದನ್ನು ಮಜ್ಜೆಯ ಸ್ಥಾನದಲ್ಲಿಟ್ಟರೆ ಮೂಳೆಯು ಮೃದುವೂ ಮಜ್ಜೆಯು ಕಠಿನವೂ ಆಗಿ ಉಪಮೆಯು ತಲೆಕೆಳಗಾಗುವುದು. ಸ್ನಾಯುವಿಗೆ ಕಿನಾಟವನ್ನು ಹೋಲಿಸಿ, ಅದರ ದೃಢತೆಯನ್ನು ಸಾಮಾನ್ಯಧರ್ಮವಾಗಿ ಹೇಳುವಷ್ಟು ಎಚ್ಚರವುಳ್ಳ ಶ್ಲೋಕವು ಕೊನೆಯ ಪಾದದಲ್ಲಿ ಹೀಗೆ ಎಡವಿತೆನ್ನುವುದು ಯುಕ್ತವಲ್ಲ. ಆದುದರಿಂದ ಅಲ್ಲಿ ಮಜ್ಜೆಯೆಂದರೆ ಮರದ ನಟ್ಟನಡುವಿನಲ್ಲಿ, ಎಳೆಯ ಕೊಂಬೆಗಳಲ್ಲಿ ಸ್ಪಷ್ಟವಾಗಿ ಕಾಣುವ ಮೆತ್ತನೆಯ ಬೆಂಡು ಎಂದೇ ಗ್ರಹಿಸಬೇಕು.

ಈ ನಿರ್ಣಯಕ್ಕೆ ಮತ್ತೊಂದು ಬಲವುಂಟು. ಕೌಟಿಲ್ಯನು ಅರ್ಥಶಾಸ್ತ್ರದ ಸೀತಾಧ್ಯಕ್ಷಪ್ರಕರಣದಲ್ಲಿ ಬಿತ್ತನೆಗೆ ಸಿದ್ಧಪಡಿಸಬೇಕಾದ ಬೀಜಗಳನ್ನು ಹೇಳುವಾಗ ಕಾಂಡಬೀಜ, ಕಂದ, ಅಸ್ಥಿಬೀಜ ಎಂಬ ಭೇದಗಳನ್ನು ಮಾಡಿ, ಅಸ್ಥಿಬೀಜಗಳಿಗೆ ಸಗಣಿಯ ಲೇಪವನ್ನು ವಿಧಿಸಿದ್ದಾನೆ. ಗಟ್ಟಿಯಾದ ಓಟೆಯುಳ್ಳ ಬೀಜಕ್ಕೆ ಅಸ್ಥಿಯೆಂಬ ಹೆಸರಾದರೆ, ಆ ಅಸ್ಥಿಯನ್ನು ಒಡೆದಾಗ ದೊರೆಯುವ ಮೃದುವಾದ ತಿರುಳಿಗೆ ಮಜ್ಜೆಯೆಂಬ ಹೆಸರು ತಾನಾಗಿಯೇ ಬರುವುದು. ಉಪನಿಷತ್ತಿನ ಮಜ್ಜೆಯೂ ಸುಶ್ರುತನ ಮಜ್ಜೆಯೂ ಬೇರೆ ಬೇರೆ ವಸ್ತುಗಳಾದರೂ ಶಬ್ದವು ಪ್ರವರ್ತಿಸಿದ ನಿಮಿತ್ತವು ಒಂದೇ: ಕಠಿನವಾದುದರ ಒಳಗೆ ಅಡಗಿರುವ ಮೃದುಭಾಗ. ಈ ನಿಮಿತ್ತವು ಕೈಗೆ ಸಿಕ್ಕಿದರೆ ಮೂರು ಅರ್ಥಗಳಲ್ಲಿ ಎರಡು ಒಂದೇ ಬೇರಿನಿಂದ ಹೊರಟ ಕವಲುಗಳೆಂಬುದು ತಿಳಿಯುತ್ತದೆ.

ಉಳಿದುದು ಅಮರನ ವಚನ. ಅಲ್ಲಿ ಒಳಗಿರುವುದು ಎಂಬ ಅಂಶವನ್ನು ಮಾತ್ರ ಉಳಿಸಿಕೊಂಡು ಮೃದುತ್ವವನ್ನು ಕೈಬಿಟ್ಟಿದೆ. ಅಮರಕೋಶವು ಕವಿಗಳಿಗೂ ವಿದ್ಯಾರ್ಥಿಗಳಿಗೂ ನಾಮಲಿಂಗಗಳನ್ನು ಕಲಿಸುವ ಗ್ರಂಥ. ಔಷಧದ್ರವ್ಯವನ್ನು ಕೊಯ್ಯುವವನಿಗೆ ವಿಧಿಸುವ ಗ್ರಂಥವಲ್ಲ. ಒಂದು ಪದ್ಯಪಾದದಲ್ಲಿ ಒಳಭಾಗವಾಚಕಗಳನ್ನು ಒಟ್ಟುಗೂಡಿಸುವುದು ಅದರ ಪ್ರಯೋಜನಕ್ಕೆ ಸಲ್ಲುತ್ತದೆ. ಆದರೆ ಆ ಪರ್ಯಾಯತೆಯನ್ನು ಸಂಹಿತೆಗಳ ವ್ಯಾಖ್ಯಾನಕ್ಕೆ ತಂದರೆ ಅನರ್ಥವಾಗುವುದು. ಖದಿರಸಾರವೆಂಬಲ್ಲಿ ಕೆಚ್ಚೇ ವಿವಕ್ಷಿತವೆಂಬುದಕ್ಕೆ ಲೋಕವ್ಯವಹಾರವೇ ಸಾಕ್ಷಿ: ಕಗ್ಗಲಿಯ ಕೆಚ್ಚನ್ನು ಚಕ್ಕೆ ಮಾಡಿ ಕುದಿಸಿ ಬತ್ತಿಸಿದರೆ ತಾಂಬೂಲದ ಕಾಚು ದೊರೆಯುವುದು. ಶ್ರೀಗಂಧದ ವಿಷಯದಲ್ಲಿಯೂ ಹಾಗೆಯೇ. ಪರಿಮಳವೆಲ್ಲವೂ ಕೆಚ್ಚಿನಲ್ಲಿಯೂ ಬೇರಿನಲ್ಲಿಯೂ ಇರುವುದು, ಸುತ್ತಲಿನ ಬಿಳಿಯ ಮರಕ್ಕೆ ವಾಸನೆಯಿಲ್ಲ. ೧೯೧೬ರಲ್ಲಿ ಮೈಸೂರು ಸಂಸ್ಥಾನವು ಗಂಧದೆಣ್ಣೆಯ ಕಾರ್ಖಾನೆಯನ್ನು ಸ್ಥಾಪಿಸಿದಾಗ ಭಟ್ಟಿಯಿಳಿಸಲು ಬೇಕಾದುದು ಚರಕನು ಸಾರವೆಂದು ಕರೆದ ಭಾಗವೇ.

೬

ಸಾರವು ಎಲ್ಲ ಮರಗಳಲ್ಲಿಯೂ ನಡುವಿನಲ್ಲಿಯೇ ಇರುವುದಿಲ್ಲವೆಂಬುದನ್ನೂ ಪ್ರಾಚೀನರು ಗಮನಿಸಿದ್ದರು. ಅಮರನು ಬಿದಿರಿಗೆ ತ್ವಕ್ಸಾರ, ತ್ವಚಿಸಾರ, ತೃಣಧ್ವಜ ಎಂಬ ಹೆಸರುಗಳನ್ನು ಹೇಳಿದ್ದಾನೆ. ತೊಗಟೆಯಲ್ಲಿಯೇ ಕೆಚ್ಚುಳ್ಳದ್ದು ಎಂದು ಮೊದಲೆರಡರ ಅರ್ಥ. ಹುಲ್ಲುಗಳಿಗೆ ಬಾವುಟದಂತಿರುವುದೆಂದು ಮೂರನೆಯದರ ಅರ್ಥ. ಅಡಕೆ, ಹಿಂತಾಲ, ಖರ್ಜೂರ, ಕೇತಕಿ, ತಾಳಿ ಮೊದಲಾದುವನ್ನು ಅವನು ತೃಣದ್ರುಮಗಳೆಂಬ ಹೆಸರಿನಲ್ಲಿ ಒಟ್ಟುಗೂಡಿಸಿದ್ದಾನೆ. ಆಕಾರದಲ್ಲಿ ಮರ, ಜಾತಿಯಲ್ಲಿ ಹುಲ್ಲು ಎಂಬುದು ಆ ಹೆಸರಿನ ಅಭಿಪ್ರಾಯ.

ದ್ರಾವಿಡಭಾಷೆಗಳಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿದೆ. ತಮಿಳಿನ ತೊಲ್ಕಾಪ್ಪಿಯದ ಮರಬಿಯಲ್ ಎಂಬ ಭಾಗದಲ್ಲಿ ಹೊರಗೆ ಕೆಚ್ಚುಳ್ಳದ್ದು ಹುಲ್ಲು, ಒಳಗೆ ಕೆಚ್ಚುಳ್ಳದ್ದು ಮರ ಎಂದು ಲಕ್ಷಣವನ್ನೇ ಹೇಳಿದೆ. ಅಷ್ಟೇ ಅಲ್ಲದೆ, ಹುಲ್ಲಿನ ಜಾತಿಗೆ ಓಲೈ, ಮಡಲ್, ಪಾಳೈ ಮುಂತಾದ ಅವಯವನಾಮಗಳೆಂದೂ, ಮರದ ಜಾತಿಗೆ ಇಲೈ, ತಳಿರ್ ಮುಂತಾದ ಅವಯವನಾಮಗಳೆಂದೂ ಅಲ್ಲಿ ಬೇರೆ ಬೇರೆ ವಿಧಿಸಿದೆ. ಕನ್ನಡದಲ್ಲಿ ಇಂತಹ ಸೂತ್ರವನ್ನು ಯಾರೂ ಬರೆಯದಿದ್ದರೂ ಆಡುವ ಮಾತು ಅದನ್ನೇ ಅನುಸರಿಸುತ್ತದೆ. ಮಾವಿಗೂ ಹಲಸಿಗೂ ಎಲೆ, ತಳಿರು. ತೆಂಗಿಗೆ ಗರಿ, ಅಡಕೆಗೆ ಸೋಗೆ, ತಾಳೆಗೆ ಓಲೆ. ಅಡಕೆಯ ಹಾಳೆ, ತೆಂಗಿನ ಹೊಂಬಾಳೆ ಎನ್ನುವವರು ಮಾವಿನ ಹಾಳೆಯೆಂದು ಎಂದಿಗೂ ಹೇಳರು. ತೆಂಗು ಅಡಕೆಗಳಿಗೆ ಗೊನೆ. ದ್ರಾಕ್ಷಿ ಮಾವುಗಳಿಗೆ ಗೊಂಚಲು. ತೋಟದ ಆಳಿಗೆ ಈ ಭೇದವನ್ನು ಯಾವ ಶಾಸ್ತ್ರವೂ ಕಲಿಸಿಲ್ಲ, ಭಾಷೆಯೇ ಕಲಿಸಿದೆ.

ಇಂದಿನ ಸಸ್ಯಶಾಸ್ತ್ರವು ಬಿದಿರು, ತಾಳೆ, ಹುಲ್ಲುಗಳನ್ನು ಏಕದಳಬೀಜದ ಸಸ್ಯಗಳೆಂದು ಒಂದೇ ವರ್ಗಕ್ಕೆ ಸೇರಿಸುತ್ತದೆ. ಇವುಗಳ ಕಾಂಡದಲ್ಲಿ ರಸವನ್ನು ಒಯ್ಯುವ ನಾಳಗಳ ಕಟ್ಟುಗಳು ಚದುರಿಕೊಂಡಿದ್ದು, ಹೊರ ಅಂಚಿನಲ್ಲಿ ಒತ್ತಾಗಿಯೂ ನಡುವಿನಲ್ಲಿ ವಿರಳವಾಗಿಯೂ ಇರುತ್ತವೆ. ಆದುದರಿಂದಲೇ ತೆಂಗಿನ ಮರದ ಹೊರಭಾಗವು ಗಟ್ಟಿ, ಒಳಭಾಗವು ಮೆದು. ಬೀಜದ ದಳಗಳನ್ನು ಎಣಿಸದೆ, ಕೊಡಲಿಯೂ ಮಚ್ಚೂ ತೋರಿಸಿದ ಕೆಚ್ಚಿನ ಸ್ಥಾನವೊಂದರಿಂದಲೇ ಪ್ರಾಚೀನರು ಬಹುಮಟ್ಟಿಗೆ ಅದೇ ವಿಭಾಗವನ್ನು ಮುಟ್ಟಿದರೆಂಬುದು ಸಾಮಾನ್ಯವಾದ ಸಾಧನೆಯಲ್ಲ.

ಕನ್ನಡದ ಮಾತುಗಳ ಸೂಕ್ಷ್ಮತೆಗೆ ಇನ್ನೊಂದು ನಿದರ್ಶನವುಂಟು. ತಾಪಸರು ಉಡುವ ವಲ್ಕಲವನ್ನು ಕನ್ನಡವು ನಾರುಮಡಿಯೆಂದು ಕರೆದಿದೆ. ವಲ್ಕಲವೆಂಬ ಶಬ್ದವು ತೊಗಟೆಯನ್ನು ಸಾಮಾನ್ಯವಾಗಿ ಹೇಳುವುದು. ಆದರೆ ಬಟ್ಟ���ಗೆ ಒದಗುವುದು ಹೊರಗಿನ ಬಿರುಸಾದ ಸಿಪ್ಪೆಯಲ್ಲ, ಒಳಗಿನ ನಾರು. ಶಂಕರರು ಕಿನಾಟವೆಂಬುದಕ್ಕೆ ವಾಕ್ಯವನ್ನೇ ಬರೆದು ವಿವರಿಸಿದ ಪದರವನ್ನು ಕನ್ನಡವು ಎರಡಕ್ಷರದಲ್ಲಿ ಹೇಳಿದೆ. ಕೆಚ್ಚು ಎಂಬ ಮಾತೂ ಸಂಸ್ಕೃತದ ಸಾರದಂತೆಯೇ ಮರದಿಂದ ಮನುಷ್ಯನಿಗೆ ಹರಿದಿದೆ. ಕೆಚ್ಚೆದೆಯೆಂದಾಗ ಗೆದ್ದಲು ಹಿಡಿಯದ, ಪೆಟ್ಟಿಗೆ ಬಗ್ಗದ ಮರದ ನಡುಭಾಗವೇ ವೀರನ ಎದೆಗೆ ಉಪಮಾನವಾಯಿತು. ಚೇಗು ಎಂಬ ಹಳೆಯ ಮಾತೂ ಇದೇ ಅರ್ಥದ್ದು.

೭

ದೇಹದ ಹೆಸರುಗಳನ್ನು ಮರಕ್ಕೆ ತೊಡಿಸುವ ಈ ಪದ್ಧತಿಯು ಭಾರತಕ್ಕೆ ಮಾತ್ರ ಸೇರಿದುದಲ್ಲ. ಗ್ರೀಸಿನಲ್ಲಿ ಅರಿಸ್ಟಾಟಲನ ಶಿಷ್ಯನಾದ ಥಿಯೊಫ್ರಾಸ್ಟಸನು ಸಸ್ಯಗಳ ಅವಯವಗಳನ್ನು ಹೇಳುವಾಗ ರಸ, ನಾರು, ಸಿರೆ, ಮಾಂಸ ಎಂಬ ಮೂಲಾಂಶಗಳನ್ನು ಎಣಿಸಿ, ಇವುಗಳಿಗೆ ಬೇರೆ ಹೆಸರಿಲ್ಲದುದರಿಂದ ಪ್ರಾಣಿಗಳಿಂದ ಹೆಸರುಗಳನ್ನು ತೆಗೆದುಕೊಳ್ಳಬೇಕಾಯಿತೆಂದು ತಾನೇ ಒಪ್ಪಿದ್ದಾನೆ. ಯಾಜ್ಞವಲ್ಕ್ಯನ ಶ್ಲೋಕಗಳಿಗೂ ಇವನ ಗ್ರಂಥಕ್ಕೂ ಸಂಬಂಧವನ್ನು ಕಲ್ಪಿಸಬೇಕಾದ ಅವಶ್ಯಕತೆಯಿಲ್ಲ. ಕಣ್ಣಿಗೆ ಕಾಣುವುದು ಒಂದೇ ಆದಾಗ ನಾಲಗೆಗೆ ಬರುವ ಹೋಲಿಕೆಯೂ ಒಂದೇ ಆಗುವುದು.

೧೭ನೆಯ ಶತಮಾನದಲ್ಲಿ ಸೂಕ್ಷ್ಮದರ್ಶಕಯಂತ್ರವು ಬಂದಮೇಲೆ ಈ ವಿಚಾರವು ಬೇರೆಯೇ ಹಾದಿಯನ್ನು ಹಿಡಿಯಿತು. ೧೬೬೫ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವನು ಬೆಂಡಿನಂತೆ ಹಗುರವಾದ ಒಂದು ಮರದ ಹೊರತೊಗಟೆಯನ್ನು ತೆಳುವಾಗಿ ಕೊಯ್ದು ನೋಡಿ, ಜೇನುಗೂಡಿನಂತಹ ಸಣ್ಣ ಸಣ್ಣ ಕೋಣೆಗಳನ್ನು ಕಂಡನು. ಬೌದ್ಧಸುತ್ತದಲ್ಲಿ ತೊಗಟೆಗಳೆಲ್ಲಕ್ಕಿಂತ ಕೀಳೆನಿಸಿದ ಪಪಟಿಕೆಯಲ್ಲಿಯೇ ಜೀವಕೋಶದ ಮೊದಲ ದರ್ಶನವಾದುದು ಒಂದು ಕೌತುಕ. ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿಯು ೧೬೭೫ ಮತ್ತು ೧೬೭೯ರಲ್ಲಿಯೂ, ಇಂಗ್ಲೆಂಡಿನ ನೆಹೆಮಾಯಾ ಗ್ರೂ ಎಂಬವನು ೧೬೮೨ರಲ್ಲಿಯೂ ಸಸ್ಯಗಳ ಒಳರಚನೆಯನ್ನು ಕುರಿತ ಮಹಾಗ್ರಂಥಗಳನ್ನು ಪ್ರಕಟಿಸಿದರು. ಇಬ್ಬರೂ ವೈದ್ಯರು, ಇಬ್ಬರೂ ಪ್ರಾಣಿದೇಹದ ಹೆಸರುಗಳನ್ನೇ ಸಸ್ಯಕ್ಕೆ ತಂದರು. ಮರದ ನಡುವಿನ ಬೆಂಡಿಗೆ ಯೂರೋಪಿನ ಶಾಸ್ತ್ರವು ಇಟ್ಟುಕೊಂಡಿರುವ ಲ್ಯಾಟಿನ್ ಹೆಸರು ಮೆಡುಲ್ಲಾ. ಅದರ ಮೂಲಾರ್ಥವು ಮೂಳೆಯ ಮಜ್ಜೆಯೆಂದೇ. ೧೮೫೮ರಲ್ಲಿ ಕಾರ್ಲ್ ನೇಗೆಲಿಯು ನೀರನ್ನು ಒಯ್ಯುವ ಅಂಗಾಂಶಕ್ಕೆ ಕ್ಸೈಲಂ ಎಂದೂ, ಆಹಾರವನ್ನು ಒಯ್ಯುವ ಅಂಗಾಂಶಕ್ಕೆ ಫ್ಲೋಯಂ ಎಂದೂ ಹೆಸರಿಟ್ಟನು. ಇಂದಿನ ಕನ್ನಡ ಪಠ್ಯಪುಸ್ತಕಗಳಲ್ಲಿಯೂ ಇವೇ ಹೆಸರುಗಳಿವೆ. ಗ್ರೀಕಿನಲ್ಲಿ ಅವುಗಳ ಮೂಲಾರ್ಥವು ಮರ, ತೊಗಟೆ ಎಂದಷ್ಟೆ. ದಾರು, ವಲ್ಕ ಎಂಬುದಕ್ಕಿಂತ ಹೆಚ್ಚೇನೂ ಅಲ್ಲ.

ಆದರೆ ಹೆಸರು ಹಳೆಯದಾದರೂ ಪ್ರಶ್ನೆಯು ಹೊಸದಾಗಿತ್ತು. ಯಾವ ಭಾಗವು ಬಾಳಿಕೆ ಬರುವುದು, ಯಾವುದು ಔಷಧವಾಗುವುದು ಎಂಬುದು ಹಳೆಯ ಪ್ರಶ್ನೆ; ಯಾವ ಭಾಗವು ಮರವನ್ನು ಬದುಕಿಸುವುದು ಎಂಬುದು ಹೊಸ ಪ್ರಶ್ನೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನಿಗೆ, ತಾವರೆಯ ದಂಟಿನಿಂದ ನೀರನ್ನು ಹೀರುವಂತೆ ಮರವು ಪಾದಗಳಿಂದ ನೀರನ್ನು ಕುಡಿಯುವುದೆಂದು ಹೇಳುತ್ತಾನೆ. ಪಾದಪವೆಂಬ ಹೆಸರಿನಲ್ಲಿಯೇ ಆ ತಿಳಿವು ಅಡಗಿದೆ. ಆ ನೀರು ಯಾವ ಪದರದಲ್ಲಿ ಏರುವುದೆಂಬ ಪ್ರಶ್ನೆಯನ್ನು ಮಾತ್ರ ಭೃಗುವು ಎತ್ತಲಿಲ್ಲ. ಹೊಸ ಶಾಸ್ತ್ರದ ಉತ್ತರವು ಹಳೆಯ ಮೌಲ್ಯವನ್ನು ತಿರುಗುಮುರುಗು ಮಾಡುವಂತಹುದು: ನೀರು ಏರುವುದು ಫಲ್ಗುವಿನಲ್ಲಿ, ಸಾರವಾದರೋ ಜೀವಕಣಗಳೆಲ್ಲ ಸತ್ತು, ಅಂಟು ರಾಳ ಬಣ್ಣಗಳು ತುಂಬಿಕೊಂಡು, ನೀರೊಯ್ಯುವ ಕೆಲಸದಿಂದ ನಿವೃತ್ತವಾದ ಭಾಗ. ನಡುವೆಲ್ಲ ಪೊಳ್ಳಾದ ಹಳೆಯ ಹುಣಿಸೆಯ ಮರವು ವರ್ಷವರ್ಷವೂ ಚಿಗುರಿ ಕಾಯಿ ಬಿಡುವುದಕ್ಕೆ ಕಾರಣವಿದೇ. ತೊಗಟೆಯನ್ನು ಸುತ್ತಲೂ ಬಳೆಯಂತೆ ಕೆತ್ತಿದರೆ ಮರವು ಕ್ರಮೇಣ ಒಣಗುವುದಕ್ಕೂ, ಎಲೆಯಲ್ಲಿ ಸಿದ್ಧವಾದ ಆಹಾರವು ಕಿನಾಟದ ಮಾರ್ಗವಾಗಿ ಬೇರಿಗೆ ಇಳಿಯುವುದೇ ಕಾರಣ.

ಪ್ರಾಚೀನರ ಫಲ್ಗುಸಾರವಿಭಾಗವು ಇದರಿಂದ ಸುಳ್ಳಾಯಿತೆ? ಆಗಲಿಲ್ಲ. ಎರಡು ಪದರಗಳ ಗಡಿಯನ್ನು ಅವರು ಗುರುತಿಸಿದ ಸ್ಥಳದಲ್ಲಿಯೇ ಇಂದಿನವರೂ ಗುರುತಿಸುತ್ತಾರೆ. ಬದಲಾದುದು ಗಡಿಯಲ್ಲ, ಬೆಲೆ.

೮

ಪ್ರಾಚೀನರಿಗೆ ಅವರದಾದ ಕೀರ್ತಿಯು ಸಲ್ಲಬೇಕಾದರೆ ಅವರದಲ್ಲದ ಕೀರ್ತಿಯನ್ನು ಅವರ ಮೇಲೆ ಹೊರಿಸಬಾರದು. ಪರಾಶರನ ಹೆಸರಿನಲ್ಲಿ ೨೦ನೆಯ ಶತಮಾನದಲ್ಲಿ ಬೆಳಕಿಗೆ ಬಂದ ವೃಕ್ಷಾಯುರ್ವೇದವೊಂದರಲ್ಲಿ ಎಲೆಯೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಸಕೋಶಗಳಿವೆಯೆಂಬ ವರ್ಣನೆಯುಂಟು. ಇದನ್ನು ಹಿಡಿದು, ಹುಕ್ಕನಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಭಾರತದಲ್ಲಿ ಜೀವಕೋಶವು ತಿಳಿದಿದ್ದಿತೆಂದು ಸಾರುವವರುಂಟು. ಆ ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಅಲ್ಲದೆ, ಇಲ್ಲಿಯವರೆಗೆ ಪರಿಶೀಲಿಸಿದ ಉಪನಿಷತ್ತು, ಸುತ್ತ, ಸಂಹಿತೆ, ಕೋಶ ಇವುಗಳಲ್ಲಿ ಹೆಸರಿಸಿರುವ ಪ್ರತಿಯೊಂದು ಭಾಗವೂ ಕಣ್ಣಿಗೆ, ಕೈಗೆ, ನಾಲಗೆಗೆ ಇಲ್ಲವೆ ಕೊಡಲಿಗೆ ಗೋಚರವಾದುದೇ. ಉಪಕರಣವಿಲ್ಲದೆ ಕಾಣಲಾಗದ ವಸ್ತುವನ್ನು ಹೇಳುವ ವಾಕ್ಯವು ಈ ಪರಂಪರೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಒಂಟಿಯಾದ ವಾಕ್ಯದ ಮೇಲೆ ಇಷ್ಟು ಭಾರವಾದ ಸಿದ್ಧಾಂತವನ್ನು ಕಟ್ಟುವುದು ಪ್ರಮಾಣಮಾರ್ಗವಲ್ಲ. ಕಂಡುದನ್ನು ತಪ್ಪಿಲ್ಲದೆ ಕಂಡರೆಂಬುದೇ ಪ್ರಾಚೀನರಿಗೆ ಸಾಕಾದ ಗೌರವ.

ಚಾಲುಕ್ಯರ ಕಾಲದಲ್ಲಿ, ಕ್ರಿ. ಶ. ೧೦೨೫ರ ಸುಮಾರಿನಲ್ಲಿ, ಚಾವುಂಡರಾಯನು ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವನ್ನು ಕನ್ನಡಕ್ಕೆ ತಂದನು. ಅಂದಿನಿಂದ ಇಂದಿನವರೆಗೆ ಈ ಶಾಸ್ತ್ರವನ್ನು ಹೇಳಲು ಕನ್ನಡಕ್ಕೆ ಮಾತಿನ ಬಡತನವಿಲ್ಲ. ಮೇಲಿನ ವಿಚಾರದಿಂದ ಅನುವಾದಕರಿಗೆ ಒದಗುವ ನಿಯಮಗಳು ಇಷ್ಟು. ತ್ವಕ್ ಎಂಬುದಕ್ಕೆ ತೊಗಟೆ. ಕಿನಾಟಕ್ಕೂ ಬಟ್ಟೆಗೆ ಒದಗುವ ವಲ್ಕಲಕ್ಕೂ ನಾರು. ಫಲ್ಗುವಿಗೆ ಬಿಳಿಯ ಮರ. ಸಾರಕ್ಕೆ ಕೆಚ್ಚು ಅಥವಾ ಚೇಗು. ಮಜ್ಜೆಯು ಕಾಂಡವನ್ನು ಕುರಿತುದಾದರೆ ಬೆಂಡು. ಫಲವನ್ನು ಕುರಿತುದಾದರೆ ತಿರುಳು. ಕೋಶಕಾರರು ಸಾರದ ಪರ್ಯಾಯವಾಗಿ ಹೇಳಿದಲ್ಲಿ ಮಾತ್ರ ಕೆಚ್ಚು. ತಿರುಳು ಎಂಬ ಒಂದೇ ಮಾತಿನಿಂದ ಇವೆಲ್ಲವನ್ನೂ ಮುಚ್ಚುವುದನ್ನು ಬಿಟ್ಟರೆ, ಸಂಹಿತೆಯು ಬೇಡಿದ ದ್ರವ್ಯವು ವೈದ್ಯನ ಕೈಗೂ, ಉಪನಿಷತ್ತು ಹೇಳಿದ ಉಪಮೆಯು ಓದುಗನ ಮನಸ್ಸಿಗೂ ಸರಿಯಾಗಿ ಮುಟ್ಟುವುವು.